ಎಂಬತ್ತು ಎಡಗಾಲು

ಬೂಟಿನ ಮೇಲ್ಭಾಗ ಹೊಲಿಯುವವರು ಸೇತುವೆಯ ಈಚೆ, ಅಟ್ಟೆ ಹಾಕುವವರು ಆಚೆ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ, ನಿಜ. ಹೊಲಿಗೆ ಶೆಡ್ಡಿನ ಯಜಮಾನಿಯೂ ಆಚೆಯ ಅಟ್ಟೆ ಮೇಸ್ತ್ರಿಯೂ ಇಪ್ಪತ್ತು ವರ್ಷ ಹಾವು ಮುಂಗುಸಿಯ ಹಾಗೆ ಕಚ್ಚಾಡಿದವರೇ. "ನಿನ್ನ ಹೊಲಿಗೆಗಿಷ್ಟು ಮಣ್ಣು ಹಾಕ" ಎಂದು ಅವನು, "ನಿನ್ನ ಅಂಟು ನೆಗೆದುಬೀಳ" ಎಂದು ಇವಳು. ಆದರೆ ಯಾರೂ ಕೈಮಾಡಿದ್ದಿಲ್ಲ. ಕೈಮಾಡಿದರೆ ನಾಳೆ ಬೂಟು ಆಗುವುದು ಹೇಗೆ ಸ್ವಾಮಿ?

ಈಗ ಈಚೆಯ ಹುಡುಗರದು ಸೇನೆ ಅಂತ ಒಂದು ಹುಟ್ಟಿಕೊಂಡಿತ್ತು. ಆಚೆಯವರ ಜೊತೆ ವ್ಯಾಪಾರ ಕೂಡದು ಎಂದು ಅದು ಸೇತುವೆಗೆ ಅಡ್ಡ ನಿಂತು ಹದಿನೈದು ದಿನವಾಯಿತು. ಶೆಡ್ಡಿನ ಮಿಷನ್ನುಗಳೆಲ್ಲ ತೆಪ್ಪಗೆ ಕೂತವು. ಅಡ್ಡ ನಿಂತವರ ಮುಂದಾಳು ಯಾರೆಂದುಕೊಂಡಿರಿ? ಯಜಮಾನಿಯ ಹೆತ್ತ ಮಗ!

ಮಧ್ಯಾಹ್ನ ಅವಳು ಹೊಲಿದದ್ದನ್ನೆಲ್ಲ ಮೂಟೆ ಕಟ್ಟಿ, ತಲೆಯ ಮೇಲೆ ಹೊತ್ತು, ಸೇತುವೆಗೇ ಬಂದಳು. ಅಟ್ಟೆ ಹಾಕಿಸುವುದು ನೆಪ. ಮಗನನ್ನು ಅಲ್ಲಿಂದ ಎಳೆದು ತರಬೇಕಿತ್ತು.

"ದಾರಿ ಬಿಡೋ."

"ಆಚೆಯವರಿಗೆ ಕೆಲಸ ಕೊಡೋ ಹಾಗಿಲ್ಲ. ವಾಪಸ್ ಹೋಗಮ್ಮ."

"ಆ ದೊಣ್ಣೆ ಬೇಯಿಸ್ಕೊಂಡು ತಿಂತೀಯಾ? ಮಾಡೋಕೆ ಕೆಲಸ ಇಲ್ಲದವರ ಸೇನೆ, ಥೂ!"

ಹುಡುಗರು ಕಿಸಕ್ಕೆಂದರು. ಮಗ ಕೆಂಡವಾದ.

"ಕೆಲಸ ಕಿತ್ಕೊಂಡಿದ್ದು ಯಾರು? ಒಂದೇ ಒಂದು ಸಲ ತಪ್ಪಿದೆ. ಒಂದೇ ಸಲ!"

ಬಲಗಾಲಿಗೆಂದು ಅಚ್ಚು ಮಗುಚಿ ಇಡುವುದನ್ನು ಮರೆತು ಅವನು ಎಂಬತ್ತು ತುಂಡು ಚರ್ಮ ಕತ್ತರಿಸಿದ್ದ, ಎಂಬತ್ತೂ ಎಡಗಾಲಿನವೇ. ಅವಳು ಇಡೀ ಶೆಡ್ಡಿನೆದುರು ಚರ್ಮ ಕೊಯ್ಯುವ ರಂಪಿಗೆ ಕಸಿದು, "ಎಡಗಾಲಪ್ಪ" ಎಂದು ಹೆಸರಿಟ್ಟು, ಅವನ ಜಾಗದಲ್ಲಿ ಬೇರೆಯವನನ್ನು ಕೂರಿಸಿದ್ದಳು. ಆರು ವರ್ಷದಿಂದ ಅವನಿಗೆ ಮೂಟೆ ಹೊರುವುದೊಂದೇ ಕೆಲಸ. ಹೆಣ್ಣು ನೋಡಲು ಹೋದಲ್ಲೂ ಆ ಹೆಸರೇ ಮುಂದೆ ಹೋಗಿ ಕೂತಿತ್ತು.

"ಇಲ್ಲಿ ನನ್ನನ್ನ 'ಅಣ್ಣಾ' ಅಂತಾರಮ್ಮ," ಎಂದ.

ಯಜಮಾನಿಗೆ ಕರುಳು ಚುರ್ರೆಂದಿತು. ಮೆತ್ತಗೆ ಮಾತಾಡಿ ಅವಳಿಗೆ ರೂಢಿಯಿಲ್ಲ, ಗದರಿಸಿಯೇ ಹೇಳಿದಳು: "ಆಯ್ತು ಮಾರಾಯ, ತಪ್ಪು ನಂದೇ! ಇವತ್ತಿಂದ ಕತ್ತರಿಸೋ ಮೇಜು ನಿಂದು. ನೂರು ಎಡಗಾಲು ಕತ್ತರಿಸಿದ್ರೂ ತುಟಿ ಬಿಚ್ಚಲ್ಲ. ದೊಣ್ಣೆ ಬಿಸಾಕಿ ಬಾ."

ದೊಣ್ಣೆ ಕೆಳಗಿಳಿಯಿತು. ಬಂದೇಬಿಟ್ಟ ಎಂದುಕೊಂಡಳು.

"ನಿನ್ನೆ ಹೇಳ್ಬಾರ್ದಿತ್ತಾ ಈ ಮಾತು?"

"ಇವತ್ತು ಹೇಳಿದ್ರೆ ಏನಾಯ್ತೋ?"

"ಅಟ್ಟೆ ಯಾರು ಹಾಕ್ತಾರಮ್ಮ?" ಅವನ ದನಿ ಇಳಿಯಿತು. "ಬೆಳಿಗ್ಗೆ ಮೇಸ್ತ್ರಿ ಅಂಗಡಿಗೆ ಬೆಂಕಿ ಇಟ್ವಿ. ಅವನು ಒಳಗೇ ಮಲಗಿದ್ದ. ನಂಗೆ ಗೊತ್ತಿರಲಿಲ್ಲ."

ಮೂಟೆ ಧೊಪ್ಪೆಂದು ಬಿತ್ತು. ಯಜಮಾನಿ ಮಗನ ಕೆನ್ನೆಗೆ ಬಾರಿಸಿದಳು, ಮತ್ತೆ ಬಾರಿಸಿದಳು. ಅವನು ಅಲ್ಲಾಡಲಿಲ್ಲ.

"ಅವನ ಜೊತೆ ಜಗಳ ಆಡ್ಕೊಂಡೇ ನಿನ್ನ ಸಾಕಿದೆ ಕಣೋ, ಪಾಪಿ!"