ಬೇವಿನೆಣ್ಣೆಯ ಗಂಜಿ

"ನೂಲಿಗೆ ಹಚ್ಚೂ ಗಂಜಿ ನೆಕ್ಕತೀ ಏನ್ ಬೇ ರಂಡೆ? ನಾಯಿ ಏನ್ ನೀ?"

ಸಾವಕಾರ ಗಿರಮಲ್ಲಪ್ಪ ಸತ್ಯವ್ವನ ಕೈಯಿಂದ ಗಡಿಗೆ ಕಸಿದು, ಕುದಿಸಿ ತಂದ ಜೋಳದ ಗಂಜಿಗೆ ಬೇವಿನೆಣ್ಣೆ ಸುರಿದ. "ಇನ್ನ ನೆಕ್ಕ್ ನೋಡೂನು," ಅಂದು ನಗುತ್ತ ಹೋದ.

ರಬಕವಿಯ ಆ ಓಣಿಯುದ್ದಕ್ಕೂ ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸಿನ ನೂಲು ಎಳೆದು ಕಟ್ಟಿತ್ತು. ಬಿಸಿಲೇರುವ ಮೊದಲೇ ಗಂಜಿ ಹಚ್ಚಿ, ಕುಂಚ ಎಳೆದು ಎಳೆ ಬಿಡಿಸಬೇಕು. ತಡವಾದರೆ ಎಳೆಗಳು ಒಂದಕ್ಕೊಂದು ಅಂಟಿ ಇಡೀ ಹಾಸು ಹಾಳು.

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದರೂ ಜೋಳದ ಧಾರಣೆ ಇಳಿಯುವ ಮಾತಿರಲಿಲ್ಲ. ಕೂಲಿ ಮಾತ್ರ ಇದ್ದಲ್ಲೇ ಇತ್ತು. ನೂಲಿಗೆ ಸಿಗುವ ಹಿಟ್ಟು ನೇಕಾರರ ಒಲೆಗೆ ಸಿಗುತ್ತಿರಲಿಲ್ಲ. ಸತ್ಯವ್ವ ಗಡಿಗೆಯ ತಳ ಬಳಿದು ಮಗಳು ಹಾಲವ್ವನ ಬಾಯಿಗಿಡುತ್ತಿದ್ದಳು. ಕಳವು ಅಂದರೆ ಕಳವೇ, ಅವಳಿಗೇನೂ ನಾಚಿಕೆಯಿರಲಿಲ್ಲ.

ಅವಳು ಕುಂಚ ಎತ್ತುವಷ್ಟರಲ್ಲಿ ಹಾಲವ್ವ ಗಡಿಗೆಗೆ ಕೈ ಹಾಕಿದ್ದಳು. ಕಹಿಗೆ ಮುಖ ಕಿವುಚಿದಳು, ಆದರೂ ನುಂಗಿದಳು. ಕಾರಿಕೊಂಡಳು. ಕಾರಿ, ಮತ್ತೆ ಗಡಿಗೆಯತ್ತ ಕೈ ಚಾಚಿದಳು. ಸತ್ಯವ್ವ ಕುಂಚ ಕೆಳಗೆಸೆದಳು.

ಓಣಿಯ ಹೆಂಗಸರು ಕಾಳು ಕೇರುವ ಖಾಲಿ ಮರ ಬಡಿಯುತ್ತ, ಜೋಳದ ಧಾರಣೆ ಇಳಿಸಿರೆಂದು ಕೇಳಲು ಚಾವಡಿಗೆ ಹೊರಟಿದ್ದರು. ಜಮಖಂಡಿಯಿಂದ ತಾಲೂಕಿನ ಅಧಿಕಾರಿ ಮಾಮಲೇದಾರರು ಬಂದಿದ್ದರು.

"ಬರ್ತೀ ಏನ್ ಬೇ ಸತ್ಯವ್ವಾ?" ನೆರೆಮನೆಯ ಹೊಳೆವ್ವ ಕೂಗಿದಳು. "ನಿನ್ನ ಹಾಸು ಇನ್ನೂ ಅರ್ಧಾ ಐತಲ್ಲ?"

"ಒಣಗಿದ್ರ ಒಣಗಲಿ, ಬಿಡ!"

ಗಡಿಗೆ ತಲೆಯ ಮೇಲಿಟ್ಟು, ಮಗಳನ್ನು ಬಗಲಿಗೇರಿಸಿ ನಡೆದೇಬಿಟ್ಟಳು.

ಚಾವಡಿಯಲ್ಲಿ ಹೆಂಗಸರ ಮಾತು ಕೇಳಿ ಮಾಮಲೇದಾರರು ಚಹಾದ ಬಶಿ ಕೆಳಗಿಟ್ಟರು. "ಜೋಳ ತುಟ್ಟಿ ಆದ್ರ ಗೆಣಸ ತಿನ್ರಿ. ಸರಕಾರ ಏನ್ ಮಾಡಬೇಕು?"

ಪಕ್ಕದಲ್ಲಿ ಕುಳಿತಿದ್ದ ಗಿರಮಲ್ಲಪ್ಪ ಕೈ ಹೊಸೆದ. "ಯಾರೂ ಉಪಾಸ ಇಲ್ರೀ ಸಾಹೇಬ್ರ. ದಿನಾ ನಾನ ಹಿಟ್ಟ ಕೊಡ್ತೀನಿ."

"ಖರೆ ಐತ್ರಿ." ಸತ್ಯವ್ವ ಗಡಿಗೆಯನ್ನು ಅವರ ಮುಂದೆ ಕುಕ್ಕಿದಳು. "ಇದ ನೋಡ್ರಿ ಆ ಹಿಟ್ಟು. ಒಂದ ಬೊಗಸಿ ಉಣ್ರಿ."

ಬೇವಿನ ನಾತಕ್ಕೆ ಮಾಮಲೇದಾರರು ಮೂಗು ಮುಚ್ಚಿಕೊಂಡರು. ಗಿರಮಲ್ಲಪ್ಪನ ಕಣ್ಣು ಓಣಿಯತ್ತ ಓಡಿತು. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಹಾಸಿನ ಬಳಿಯೂ ಆಳಿರಲಿಲ್ಲ.

"ನೂಲೆಲ್ಲಾ ಅಂಟಾಕತ್ತೈತಿ! ಹೋಗ್, ಕುಂಚ ಹಿಡಿ ಸೂಳಿಮಗಳ!"

ಸತ್ಯವ್ವ ಗಡಿಗೆಯ ಪಕ್ಕ ನೆಲಕ್ಕೆ ಕುಳಿತಳು. ಹೊಳೆವ್ವನೂ ಕುಳಿತಳು, ಅವಳ ಹಿಂದೆ ಉಳಿದವರು.

"ಮೊದಲ ನೀ ಉಣ್ಣು, ಸಾವಕಾರ," ಅಂದಳು ಸತ್ಯವ್ವ. "ಆಮ್ಯಾಲ ಕುಂಚ ಹಿಡಿತೀನಿ."