ಕಾಲು ಚಾಚುವಷ್ಟು ನೆಲ

ಅಮೋಘಸಿದ್ದಪ್ಪ ಮೊದಲು ತಮ್ಮ ಪರಸಪ್ಪನ ಹೆಣ ಅಳೆದ, ಆಮೇಲೆ ನೆಲ ಅಳೆದ. ನೆಲ ಸಾಲಲಿಲ್ಲ. ಒಂದು ಕಡೆ ಈಚೆಗೆ ಸತ್ತವರ ದಿಬ್ಬಗಳು, ಇನ್ನೊಂದು ಕಡೆ ಲಗಮಣ್ಣನ ಗೋವಿನಜೋಳ. ನವಿಲುತೀರ್ಥದ ಕಾಲುವೆ ನೀರು ಬಂದಾಗಿನಿಂದ ಮುನವಳ್ಳಿಯ ಹೊಲಗಳಿಗೆ ಎಲ್ಲಿಲ್ಲದ ಬೆಲೆ. ಲಗಮಣ್ಣನ ನೇಗಿಲು ಪ್ರತಿ ಬಿತ್ತನೆಗೂ ಕೇರಿಯ ಸುಡುಗಾಡಿನೊಳಗೆ ಒಂದೊಂದು ಸಾಲು ಮುಂದೆ ಬರುತ್ತಿತ್ತು. ಕೇಳಬೇಕಾದವರೆಲ್ಲ ಅವನ ಹೊಲಕ್ಕೇ ಕೂಲಿಗೆ ಹೋಗುವವರು.

"ಕುಂಡ್ರಿಸಿ ಬಿಡೂಣು," ಎಂದ ಅಮೋಘಸಿದ್ದಪ್ಪ. "ಸಣ್ಣ ಕುಣಿ ಸಾಕು."

ಹಿರಿಯರು ತಲೆಯಾಡಿಸಿದರು. ಕೂರಿಸಿ ಹೂಳುವ ಮನೆತನಗಳೂ ಊರಲ್ಲಿವೆ, ಅದರಲ್ಲಿ ಹೀನವೇನಿಲ್ಲ ಎಂದು ಒಬ್ಬರು ಸಮಾಧಾನ ಹೇಳಿದರು. ಆದರೆ ಈ ಮನೆಯಲ್ಲಿ ಎಲ್ಲರನ್ನೂ ಮಲಗಿಸಿಯೇ ಮಣ್ಣು ಕೊಟ್ಟದ್ದು. ಮೇಲಾಗಿ ಮೈ ಸೆಟೆದಿತ್ತು. ಕೂರಿಸಬೇಕೆಂದರೆ ಮೊಣಕಾಲು ಒತ್ತಿ ಮುರಿಯಬೇಕು. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೆಂಗಸರು ಸುಡುಗಾಡಿಗೆ ಬರುವ ರೂಢಿ ಇರಲಿಲ್ಲ. ಪರಸಪ್ಪನ ಹೆಂಡತಿ ಇಂದ್ರವ್ವ ಬಂದಿದ್ದಳು. ಸಣ್ಣದು ಸಾಕು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಕೆಂಪಾಯಿತು.

*

ಸವದತ್ತಿಯ ಒಂದು ರೇಡಿಯೊ ಜೋಡಿಸುವ ಶೆಡ್ಡಿನಲ್ಲಿ ಪರಸಪ್ಪ ತನ್ನ ಪ್ರಾಯವನ್ನೆಲ್ಲ ಕಳೆದ. ತಾಮ್ರದ ಗೆರೆಗಳಿರುವ ಬೋರ್ಡಿನ ತೂತುಗಳಿಗೆ ಬಿಡಿಭಾಗಗಳ ತಂತಿಕಾಲು ಇಳಿಸಿ ಬೆಸೆಯುವುದು ಅವನ ಕೆಲಸ. ಮೊದಲು ಬೋರ್ಡು ದೊಡ್ಡದಿತ್ತು. ಗೋಧಿ ಕಾಳಿನಂಥ ರೆಸಿಸ್ಟರುಗಳನ್ನು ಅಡ್ಡ ಮಲಗಿಸಿ, ಆ ಕಡೆ ಈ ಕಡೆ ಕಾಲು ಇಳಿಬಿಟ್ಟು ಬೆಸೆಯುತ್ತಿದ್ದ. ಆಮೇಲೆ ಕಿಸೆಯಲ್ಲಿ ಹಿಡಿಯುವ ರೇಡಿಯೊ ಬಂತು. ಮಾಲಕ ಅರ್ಧ ಅಳತೆಯ ಬೋರ್ಡು ತರಿಸಿ, ಇನ್ನು ಎಲ್ಲವನ್ನೂ ನಿಲ್ಲಿಸಿಯೇ ಬೆಸೆಯಬೇಕು ಎಂದ. ಒಂದು ಕಾಲು ನೆಟ್ಟಗೆ, ಇನ್ನೊಂದನ್ನು ನೆತ್ತಿಯಿಂದ ಮಡಚಿ ಮೈಗುಂಟ ಇಳಿಸಬೇಕು.

ಸಣ್ಣ ರೇಡಿಯೊ ಪರಸಪ್ಪನಿಗೂ ಇಷ್ಟವೇ. ಹೊಲಕ್ಕೆ ಒಯ್ಯಬಹುದು ಎನ್ನುತ್ತಿದ್ದ. ಆದರೆ ನಿಲ್ಲಿಸಿದವು ಮಾರಾಟಕ್ಕೆ ಒಯ್ಯುವ ಬಸ್ಸಿನ ಕುಲುಕಿಗೆ ವಾಲುತ್ತಿದ್ದವು. ಒಂದರ ಕಾಲು ಇನ್ನೊಂದಕ್ಕೆ ತಾಗಿ ರೇಡಿಯೊ ಮೂಕಾಗುತ್ತಿತ್ತು. ಕೆಟ್ಟು ಬಂದ ಒಂದೊಂದಕ್ಕೂ ಮಾಲಕ ಅವನನ್ನೇ ಬೈಯುತ್ತಿದ್ದ, ಎಲ್ಲರ ಎದುರು, ಕೇರಿಯ ಹೆಸರು ಹಿಡಿದು. ಪರಸಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡು, ಮನೆಗೆ ಬಂದು ಕುದಿಯುತ್ತಿದ್ದ.

"ಜಾಗಾ ಕೊಡಾಂಗಿಲ್ಲ, ಒಂದರ ಮೈಮ್ಯಾಗ ಒಂದ ನಿಂದರಸು ಅಂತಾನ. ವಾಲಿದರ ನಂದ ತಪ್ಪಂತ."

"ಅದನ್ನ ಮಾಲಕರಿಗೆ ಹೇಳಬಾರದೇನ್ರಿ?" ಎನ್ನುತ್ತಿದ್ದಳು ಇಂದ್ರವ್ವ.

"ನಾಳೆ ಹೇಳತೇನಿ."

ಆ ನಾಳೆ ಬರಲೇ ಇಲ್ಲ. ಇಂದ್ರವ್ವನಿಗೆ ಮಾಲಕನ ಮೇಲೆ ಎಷ್ಟು ಸಿಟ್ಟಿತ್ತೋ ಗಂಡನ ಮೇಲೂ ಅಷ್ಟೇ ಇತ್ತು.

*

ಸುಡುಗಾಡಿನಲ್ಲಿ ಜನ ಸೇರಿದ್ದು ಕಂಡು ಲಗಮಣ್ಣ ಬದುವಿನ ಮೇಲೆ ಬಂದು ನಿಂತ. ಒಳ್ಳೆಯ ಮನುಷ್ಯ ಹೋದ ಎಂದು ಲೊಚಗುಟ್ಟಿದ. ಅದೇ ಉಸಿರಿನಲ್ಲಿ, ಬೆಳೆ ತುಳಿಯಬೇಡಿ ಎಂದ.

ಅಮೋಘಸಿದ್ದಪ್ಪ ಅವನಿಗೆ ಕೈಮುಗಿದು, ಹೆಣದ ಮೊಣಕಾಲಿಗೆ ಕೈಹಾಕಿದ.

"ಕೈ ತಗೀರಿ, ಬಾವಾರ," ಎಂದಳು ಇಂದ್ರವ್ವ.

"ಸಾವಕಾರ್ರು ನಿಂತಾರವಾ. ನಾಳೆ ನಮಗ ಕೂಲಿ ಬ್ಯಾಡೇನು?"

"ಬದುಕಿರೂತನಕ ಮಡಚ್ಕೊಂಡ ಇದ್ದರು. ಇನ್ನ ಮಡಚಾಂಗಿಲ್ಲ. ಮಲಗಸ್ರಿ."

ಯಾರೂ ಅಲುಗಲಿಲ್ಲ. ಇಂದ್ರವ್ವನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಸೆರಗು ಬಿಗಿದು ಜೋಳದ ಮೊದಲ ಸಾಲಿಗೆ ಇಳಿದಳು. ಬುಡ ಹಿಡಿದು ಕಿತ್ತು ಕಿತ್ತು ಬದುವಿಗೆ ಒಗೆದಳು. ಪೊಲೀಸರನ್ನು ಕರೆಸುತ್ತೇನೆ ಎಂದು ಲಗಮಣ್ಣ ಕೂಗಾಡಿದ. ಕರೆಸಲಿ, ಈ ನೆಲ ಯಾರದೆಂದು ಅವರೇ ಕೇಳಲಿ ಎಂದು ಅವಳು ಕೀಳುತ್ತಲೇ ಹೇಳಿದಳು.

ಅಮೋಘಸಿದ್ದಪ್ಪ ಲಗಮಣ್ಣನ ಕಡೆ ಒಮ್ಮೆ ನೋಡಿ ಗುದ್ದಲಿ ಎತ್ತಿಕೊಂಡ. ಆಮೇಲೆ ಅವಳು ಕಿತ್ತ ಜಾಗದಲ್ಲಿ ಮೊದಲ ಏಟು ಹಾಕಿದ. ಉಳಿದವರೂ ಒಬ್ಬೊಬ್ಬರಾಗಿ ಕೈ ಸೇರಿಸಿದರು. ತುಸು ಆಳಕ್ಕೆ ಹೋದದ್ದೇ ಗುದ್ದಲಿಗಳು ನಿಂತವು. ಜೋಳದ ಬೇರು ಸುತ್ತಿಕೊಂಡ ಎರಡು ಕಾಲೆಲುಬು, ಕೇರಿಯವರಲ್ಲೇ ಯಾರದೋ, ಪಕ್ಕಪಕ್ಕ ಉದ್ದಕ್ಕೆ ಚಾಚಿ ಮಲಗಿದ್ದವು. ಲಗಮಣ್ಣನ ಕೂಗು ನಿಂತಿತು.

ಆ ಎಲುಬುಗಳ ಬಗಲಿಗೇ ಕುಣಿ ತೋಡಿ ಪರಸಪ್ಪನನ್ನು ಮಲಗಿಸಿದರು. ಅವನ ಪಾದಗಳು ಜೋಳದ ಎರಡನೆಯ ಸಾಲಿನವರೆಗೂ ಹೋದವು.