ಮೇಷ್ಟ್ರ ನಡಿಗೆ

"ಸ್ವಲ್ಪ ನಿಲ್ಲಿಸ್ತೀರಾ?" ಎಂದು ಮೊದಲ ಸಾಲಿನಿಂದ ಎದ್ದು ನಿಂತವರು ಬೇರಾರೂ ಅಲ್ಲ, ತೀರಿಕೊಂಡವರ ಹೆಂಡತಿಯೇ.

ತಂತಿಗಳ ಮೇಲೆ ನಾಲ್ಕು ಕಮಾನುಗಳು ಇದ್ದಲ್ಲೇ ನಿಂತವು. ಸಭಾಂಗಣದ ನಡುವೆ ಶವಪೆಟ್ಟಿಗೆ. ಅದರಾಚೆ ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ. ಪೆಟ್ಟಿಗೆಯಲ್ಲಿದ್ದವರು ನಲವತ್ತು ವರ್ಷ ಸಂಗೀತಶಾಲೆಯ ಹಿಂದಿನ ಕೋಣೆಯಲ್ಲಿ ಕೂತು ಒಡೆದ ವಾದ್ಯಗಳಿಗೆ ಅಂಟು ಹಾಕಿದವರು, ಎಲ್ಲರ ಬಾಯಲ್ಲೂ ರಿಪೇರಿಯವರು. ಜೀವಮಾನದಲ್ಲಿ ಅವರು ರಚಿಸಿದ್ದು ಒಂದೇ ಒಂದು ಕೃತಿ. ಅದೂ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ, ತಾವು ದೇವರೆಂದೇ ತಿಳಿದಿದ್ದ ಸಂಯೋಜಕ ಮೇಷ್ಟ್ರ ನೆನಪಿಗೆ. ಅದನ್ನು ಇವತ್ತಿನವರೆಗೆ ಯಾರೂ ನುಡಿಸಿರಲಿಲ್ಲ.

"ಅಮ್ಮಾ, ಕೂತ್ಕೋ. ಎಲ್ಲರೂ ನೋಡ್ತಿದಾರೆ," ಎಂದು ಮಗಳು ತೋಳು ಹಿಡಿದೆಳೆದಳು.

"ನೋಡ್ಲಿ ಬಿಡೆ, ಅದಕ್ಕೇ ಬಂದಿರೋದು." ಆಕೆ ಮೊದಲ ಪಿಟೀಲಿನವರ ಕಡೆ ತಿರುಗಿದರು. "ಇದು ಇಷ್ಟು ನಿಧಾನ ಅಲ್ಲ."

ಮೊದಲ ಪಿಟೀಲಿನವರು ರಿಪೇರಿಯವರ ಹಳೆಯ ಗೆಳೆಯರು. ತಾಳದ ವಿಷಯದಲ್ಲಿ ಯಾರ ಮಾತನ್ನೂ ಕಿವಿಗೆ ಹಾಕಿಕೊಂಡವರಲ್ಲ. "ಅತ್ತಿಗೆ, ನಿಮ್ಮ ಸಂಕಟ ನಂಗರ್ಥ ಆಗುತ್ತೆ," ಎಂದರು ಮಗುವನ್ನು ರಮಿಸುವ ದನಿಯಲ್ಲಿ. "ಹಾಳೇಲಿ ವೇಗ ಎಷ್ಟು ಅಂತ ಬರೆದೇ ಇಲ್ಲ. ಸತ್ತವರ ನೆನಪಿಗೆ ಬರೆದದ್ದು ಅಂದ್ಮೇಲೆ ನಿಧಾನವಾಗೇ ಹೋಗ್ಬೇಕಲ್ವಾ?"

"ಮೇಷ್ಟ್ರೂ ಬರೀತಿರ್ಲಿಲ್ಲ. ಗೊತ್ತಿರೋನಿಗೆ ಗೊತ್ತಾಗುತ್ತೆ ಅಂತಿದ್ರಂತೆ. ಇವರೂ ಹಾಗೇ ಬಿಟ್ರು. ಗುರುಗಳ ತಪ್ಪನ್ನೂ ಬಿಡದ ಶಿಷ್ಯ!"

"ನಿಮಗೆ ಸ್ವರಲಿಪಿ ಓದೋಕೆ ಬರುತ್ತಾ?"

"ಎಲ್ಲಿಂದ ಬರ್ಬೇಕು? ಆದ್ರೆ ಒಂದು ಚಳಿಗಾಲ ಪೂರ್ತಿ ಇದನ್ನ ಕೇಳಿದೀನಿ."

*

ಹನ್ನೊಂದು ವರ್ಷದ ಹಿಂದೆ, ಮೇಷ್ಟ್ರು ತೀರಿಕೊಂಡ ಚಳಿಗಾಲ. ಮನೆಯಲ್ಲಿ ಪಿಯಾನೊ ಇರಲಿಲ್ಲ, ಅಡುಗೆಮನೆಯ ಮೇಜೇ ಗತಿ. ಕೆಲಸಕ್ಕೆ ಹೊರಡುವ ಮುನ್ನ ರಿಪೇರಿಯವರು ಗುನುಗುತ್ತ, ಎಡಗೈಯಲ್ಲಿ ಮೇಜು ತಟ್ಟುತ್ತ, ಬಲಗೈಯಲ್ಲಿ ಬರೆಯುತ್ತಿದ್ದರು. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಹೆಂಡತಿಯ ಕೈಯೂ ಗೊತ್ತಿಲ್ಲದೆ ಅದೇ ತಾಳಕ್ಕೆ ಬಿದ್ದುಬಿಡುತ್ತಿತ್ತು. ಒಮ್ಮೆ ಆಕೆ ಬೆರಳನ್ನೂ ಕೊಯ್ದುಕೊಂಡಿದ್ದರು.

"ಸತ್ತೋರಿಗೆ ಬರೆಯೋದು ಇಷ್ಟು ಜೋರಾ? ಯಾರ ಮದುವೆ?"

"ಮೇಷ್ಟ್ರು ನಡೀತಿದ್ದದ್ದೇ ಹೀಗಲ್ವೇನೆ. ದಿನಾ ಸಂಜೆ ಅವರ ಚೆಲ್ಲೊ ಹೊತ್ಕೊಂಡು ಹಿಂದೆ ಓಡ್ತಿದ್ದೆ. ದಾರಿಯುದ್ದಕ್ಕೂ ಸಂಗೀತದ ವಿಷಯ ಹೇಳೋರು. ಏದುಸಿರಲ್ಲಿ ಅರ್ಧ ಕೇಳಿಸ್ತಾನೇ ಇರ್ಲಿಲ್ಲ. ಆ ಅರ್ಧಾನೇ ಈಗ ಬರೀತಿರೋದು."

"ಯಾರಾದ್ರೂ ನುಡಿಸ್ತಾರಾ ಇದನ್ನ?"

"ಯಾವತ್ತಾದ್ರೂ ನುಡಿಸಿದ್ರೆ ಹೀಗೇ ನುಡಿಸ್ಬೇಕು. ನಿಧಾನ ಮಾಡಿದ್ರೆ ಅದು ಮೇಷ್ಟ್ರಲ್ಲ, ಬೇರೆ ಯಾರೋ."

*

"ಸರಿ, ಹೇಗೆ ಹಾಗಾದ್ರೆ?" ಎಂದರು ಮೊದಲ ಪಿಟೀಲಿನವರು ಬಿಗುವಾಗಿಯೇ.

ಆಕೆ ಕುರ್ಚಿಯ ಬೆನ್ನ ಮೇಲೆ ಬೆರಳ ಗೆಣ್ಣುಗಳಿಂದ ತಟ್ಟಿ ತೋರಿಸಿದರು.

"ಅತ್ತಿಗೆ, ನಾವು ಅಭ್ಯಾಸ ಮಾಡಿದ್ದೇ ಬೇರೆ. ಈ ವೇಗಕ್ಕೆ ಬೆರಳು ಓಡಲ್ಲ."

"ಅವರು ಅಂಟು ಹಾಕಿಕೊಟ್ಟ ಪಿಟೀಲು ತಾನೇ ಅದು? ಓಡುತ್ತೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಗಳು ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಚೆಲ್ಲೊ ನುಡಿಸುವಾಕೆ ಯಾರನ್ನೂ ಕೇಳದೆ ಆ ತಾಳ ಹಿಡಿದು ಶುರುಮಾಡಿಯೇಬಿಟ್ಟಳು. ಉಳಿದವರು ವಿಧಿಯಿಲ್ಲದೆ ಅವಳ ಬೆನ್ನು ಹಿಡಿದರು. ಮೊದಲೆರಡು ಸಾಲು ಎಡವಿದರು, ಆಮೇಲೆ ಸರಿಹೋಯಿತು. ನಿಧಾನದಲ್ಲಿ ನರಳಿದಂತೆ ಕೇಳಿಸಿದ್ದ ಜಾಗಗಳೆಲ್ಲ ಈಗ ಮಾತಾಡತೊಡಗಿದವು, ವಾದಕ್ಕಿಳಿದವು, ಒಂದೆರಡು ಕಡೆ ತಮಾಷೆಯನ್ನೂ ಮಾಡಿದವು. ಮಗಳು ಮುಖದಿಂದ ಕೈ ತೆಗೆದಳು. ಅಪ್ಪನ ತಲೆಯಲ್ಲಿ ಇದೆಲ್ಲ ಇತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳಿಗೆ ಹೆಮ್ಮೆಯಾಯಿತು, ಅಳುವೂ ಬಂತು.

ಹದಿನಾಲ್ಕು ನಿಮಿಷವೆಂದು ಗೊತ್ತುಮಾಡಿದ್ದ ಕೃತಿ ಎಂಟೇ ನಿಮಿಷಕ್ಕೆ ಮುಗಿಯಿತು. ಅದು ಮುಗಿದೊಡನೆ ಪೆಟ್ಟಿಗೆ ಎತ್ತಬೇಕಾದವರು ಇನ್ನೂ ಹೊರಗೆ ಚಹಾ ಕುಡಿಯುತ್ತಿದ್ದರು. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಜನ ಮುಖ ಮುಖ ನೋಡಿಕೊಂಡರು.

"ಈಗೇನಮ್ಮ ಮಾಡೋದು?" ಮಗಳು ಪಿಸುಗುಟ್ಟಿದಳು.

"ಇನ್ನೊಂದ್ಸಲ ನುಡಿಸ್ಲಿ. ಎಡವಿದ್ದು ಸರಿಮಾಡ್ಕೊಳ್ಲಿ."

ಮೊದಲ ಪಿಟೀಲಿನವರು ಹಣೆಯ ಬೆವರು ಒರೆಸಿಕೊಂಡು ಹಾಳೆಗಳನ್ನು ಹಿಂದಕ್ಕೆ ಮಗುಚಿದರು. ಕಮಾನನ್ನು ತಂತಿಯ ಮೇಲಿಟ್ಟರು, ಆದರೆ ಶುರುಮಾಡಲಿಲ್ಲ. ಉಳಿದ ಮೂವರು ಎಂದಿನಂತೆ ಅವರನ್ನೇ ನೋಡುತ್ತಿದ್ದರು. ಅವರು ಮಾತ್ರ ಪೆಟ್ಟಿಗೆಯಾಚೆ ನಿಂತಿದ್ದ ಅತ್ತಿಗೆಯ ಬಲಗೈ ಯಾವಾಗ ಏಳುತ್ತದೋ ಎಂದು ಕಾಯುತ್ತಿದ್ದರು.